ದಮಾಸಸ್, ಒಂದನೆಯ

ನಾಲ್ಕನೆಯ ಶತಮಾನದ ರೋಮಿನ ಪೋಪ್, ಸಂತ. ಹುತಾತ್ಮರ ಸಮಾಧಿಗಳಿಗೆಂದೇ ಲ್ಯಾಟಿನ್ ಪದ್ಯಗಳನ್ನು ಹೊಸೆದ ಕವಿ. ಹುಟ್ಟಿದ್ದು ಸು. 305ರಲ್ಲಿ. 366ರಲ್ಲಿ ಪೀಠವೇರುವಾಗ ಇವನ ಕಡೆಯವರಿಗೂ ಪ್ರತಿಸ್ಪರ್ಧಿ ಉರ್ಸಿನಸ್‌ನ ಕಡೆಯವರಿಗೂ ಬೀದಿಕಾಳಗವೇ ನಡೆಯಿತು. ಒಂದೇ ದಿನ ಒಂದು ಚರ್ಚಿನೊಳಗೆ 137 ಹೆಣಗಳು ಸಿಕ್ಕಿದವೆಂದು ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಬರೆದಿದ್ದಾನೆ. ಸಂತ ಜೆರೋಮ್ ಕೆಲಕಾಲ ದಮಾಸಸ್‌ನ ಕಾರ್ಯದರ್ಶಿಯಾಗಿದ್ದ. ಸುವಾರ್ತೆಗಳ ಲ್ಯಾಟಿನ್ ಪಾಠವನ್ನು ತಿದ್ದುವ ಕೆಲಸಕ್ಕೆ ಅವನನ್ನು ಹಚ್ಚಿದವನೂ ಇವನೇ.

ದಮಾಸಸ್‌ನ ಈ ಪದ್ಯಗಳನ್ನು ಎಪಿಗ್ರಾಮ್‌ಗಳೆನ್ನುತ್ತಾರೆ. ಎಪಿಗ್ರಾಮ್ ಎಂಬ ಗ್ರೀಕ್ ಮಾತಿಗೆ ಮೂಲದಲ್ಲಿ ವಸ್ತುವೊಂದರ ಮೇಲೆ ಕೆತ್ತಿದ ಬರಹವೆಂದೇ ಅರ್ಥ. ಒಂದನೆಯ ಶತಮಾನದ ಕವಿ ಮಾರ್ಷಿಯಲ್‌ನ ಕೈಯಲ್ಲಿ ಅದು ಕೊನೆಯಲ್ಲಿ ಕುಟುಕುವ ಚುಟುಕವಾಗಿತ್ತು. ದಮಾಸಸ್ ಅದನ್ನು ಮರಳಿ ಕಲ್ಲಿಗೆ ತಂದ. ರೋಮಿನ ಸುತ್ತಣ ನೆಲದಡಿಯ ಸಮಾಧಿಸುರಂಗಗಳಲ್ಲಿ (ಕ್ಯಾಟಕೂಂಬ್) ಹುತಾತ್ಮರ ಗೋರಿಗಳನ್ನು ಹುಡುಕಿಸಿ, ದುರಸ್ತಿ ಮಾಡಿಸಿ, ಅಮೃತಶಿಲೆಯ ಫಲಕಗಳಲ್ಲಿ ಪದ್ಯಗಳನ್ನು ಕೆತ್ತಿಸಿದ. ಕೆತ್ತನೆಯ ಅಕ್ಷರಗಳನ್ನು ರೂಪಿಸಿದವನು ಲಿಪಿಕಾರ ಫ್ಯೂರಿಯಸ್ ಡಯೋನಿಸಿಯಸ್ ಫಿಲೋಕಾಲಸ್. ತುದಿಗಳಲ್ಲಿ ಕೊಕ್ಕೆಯಂತೆ ಸುರುಳಿಗೊಂಡ ಆ ಅಕ್ಷರಗಳಿಂದ, ಒಡೆದ ಚೂರು ಸಿಕ್ಕರೂ ದಮಾಸಸ್‌ನ ಶಾಸನವನ್ನು ಗುರುತಿಸಬಹುದು.

ಪದ್ಯಗಳು ಬಹುತೇಕ ಆರು ಗಣಗಳ ಹೆಕ್ಸಾಮೀಟರ್ ಛಂದಸ್ಸಿನಲ್ಲಿವೆ; ಪದಪುಂಜಗಳು ಅನೇಕ ಕಡೆ ಕವಿ ವರ್ಜಿಲ್‌ನವು. ಕವಿತ್ವ ಸಾಧಾರಣವೆಂದೇ ಹೇಳಬೇಕು: ಅವವೇ ವಿಶೇಷಣಗಳು ಮರುಕಳಿಸುತ್ತವೆ. ಆದರೆ ಚರಿತ್ರೆಗೆ ಇವು ಅಮೂಲ್ಯ. ತಾರ್ಸಿಸಿಯಸ್ ಎಂಬ ಹುತಾತ್ಮನ ಕಥೆಗೆ ಇವನ ಪದ್ಯವೇ ಅತ್ಯಂತ ಹಳೆಯ ಆಧಾರ. ಮಾರ್ಸೆಲಿನಸ್ ಮತ್ತು ಪೀಟರ್ ಎಂಬಿಬ್ಬರ ವಧೆಯನ್ನು ತಾನು ಹುಡುಗನಾಗಿದ್ದಾಗ ಅವರ ಕೊಲೆಗಾರನ ಬಾಯಿಂದಲೇ ಕೇಳಿದ್ದಾಗಿ ಹೇಳಿಕೊಂಡಿದ್ದಾನೆ. ಕ್ಯಾಲಿಸ್ಟಸ್ ಸಮಾಧಿಸುರಂಗದಲ್ಲಿ ಪೋಪರನ್ನು ಹೂಳಿದ ಕೋಣೆಯ ಪದ್ಯ ಇನ್ನೂ ಆತ್ಮೀಯ: ತಾನೂ ಅಲ್ಲೇ ಮಲಗಬೇಕೆಂಬ ಆಸೆ, ಪುಣ್ಯಾತ್ಮರ ಬೂದಿಯನ್ನು ಕದಲಿಸಿಯೇನೆಂಬ ಅಳುಕು. 384ರ ಡಿಸೆಂಬರ್ 11ರಂದು ತೀರಿಕೊಂಡ ಮೇಲೆ ಇವನನ್ನು ಆರ್ಡಿಯಾಟಿನಾ ಹೆದ್ದಾರಿಯ ಬಳಿ, ತಾಯಿ ಮತ್ತು ತಂಗಿಯ ಪಕ್ಕದಲ್ಲಿ ಹೂಳಿದರು. ಹಬ್ಬದ ದಿನವೂ ಡಿಸೆಂಬರ್ 11.

ಆರನೆಯ ಶತಮಾನದಲ್ಲಿ ಗೋಥರ ಮುತ್ತಿಗೆಯ ಕಾಲದಲ್ಲಿ ಹಲವು ಫಲಕಗಳು ಒಡೆದವು. ಕೆಲವನ್ನು ಪೋಪ್ ವಿಜಿಲಿಯಸ್ ಮತ್ತೆ ಕೆತ್ತಿಸಿದ. ಎಷ್ಟೋ ಪದ್ಯಗಳು ಉಳಿದಿರುವುದು ಮಧ್ಯಯುಗದ ಯಾತ್ರಿಕರು ನಕಲಿಸಿಕೊಂಡ ಸಂಕಲನಗಳಲ್ಲಿ ಮಾತ್ರ. ಪೋಪರ ಕೋಣೆಯನ್ನು ಪುರಾತತ್ವಜ್ಞ ಜೊವಾನ್ನಿ ಬಟಿಸ್ಟಾ ದೆ ರೋಸ್ಸಿ 1854ರಲ್ಲಿ ಪತ್ತೆಹಚ್ಚಿದಾಗ ಅಲ್ಲಿಯ ಫಲಕ ಚೂರುಚೂರಾಗಿತ್ತು. ಆದರೆ ಹುತಾತ್ಮ ಕನ್ಯೆ ಆಗ್ನೆಸಳ ಫಲಕ ಇಡಿಯಾಗಿ ಉಳಿದಿದೆ. ಅವಳ ಚರ್ಚಿನ ನೆಲಹಾಸಿನಲ್ಲಿ ಮಗುಚಿ ಹಾಕಿದ್ದ ಅದು 1728ರಲ್ಲಿ ಸಿಕ್ಕಿತು. ಈಗ ಅದೇ ಚರ್ಚಿಗೆ ಇಳಿಯುವ ಮೆಟ್ಟಿಲ ಸಾಲಿನ ಗೋಡೆಯಲ್ಲಿದೆ.