ಬೀಗದೊಳಗಿನ ಪಾಠಶಾಲೆ

ಹೆಸರೇನೋ ‘ಶಾಲೆ’. ಆದರೆ ಅಲ್ಲಿ ಇರಲೇಬೇಕಾದ ಸೌಕರ್ಯಗಳನ್ನು ಕಾಯಿದೆ ಎಣಿಸಿ ಹೇಳುವಾಗ ಅಕ್ಷರಾಭ್ಯಾಸದ ಪ್ರಸ್ತಾಪವೇ ಇರಲಿಲ್ಲ. 1897ರ ಸುಧಾರಣಾ ಶಾಲೆಗಳ ಕಾಯಿದೆಯ ಮಾತಿದು. ರಾತ್ರಿ ಹುಡುಗರನ್ನು ಬೇರೆ ಬೇರೆಯಾಗಿ ಮಲಗಿಸುವ ಏರ್ಪಾಡು, ನೈರ್ಮಲ್ಯ, ನೀರು, ಊಟ, ಬಟ್ಟೆ, ಹಾಸಿಗೆ, ಕಾಯಿಲೆ ಬಿದ್ದವರಿಗೆ ಆಸ್ಪತ್ರೆಯ ಕೋಣೆ ಮತ್ತು ಕೈಕಸುಬು ಕಲಿಸುವ ಅನುಕೂಲ, ಇವಿಷ್ಟು ಕಡ್ಡಾಯ. ಸ್ಲೇಟು ಬಳಪಗಳ ಸುದ್ದಿ ಆ ಪಟ್ಟಿಯಲ್ಲಿ ಇಲ್ಲ.

ತಪ್ಪು ಮಾಡಿದ ಮಕ್ಕಳನ್ನು ದೊಡ್ಡವರ ಜೈಲಿಗೆ ತಳ್ಳದೆ ಕಲಿಸಿ ತಿದ್ದಬೇಕೆಂಬ ವಿಚಾರ ಯೂರೋಪಿನಲ್ಲಿ ಬಲಗೊಂಡದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ಫ್ರಾನ್ಸಿನ ಮೆಟ್ರೆಯಲ್ಲಿ 1839ರಲ್ಲಿ ಆರಂಭವಾದ ಬೇಸಾಯದ ವಸಾಹತು ಆ ಕಾಲಕ್ಕೆ ಹೆಸರುವಾಸಿ. ಇಂಗ್ಲೆಂಡಿನಲ್ಲಿ ಇದಕ್ಕಾಗಿ ಹೋರಾಡಿದವರಲ್ಲಿ ಮುಖ್ಯರಾದವರು ಬ್ರಿಸ್ಟಲ್ ನಗರದ ಮೇರಿ ಕಾರ್ಪೆಂಟರ್. ಚಿಂದಿ ಬಟ್ಟೆಯ ಬಡ ಮಕ್ಕಳಿಗಾಗಿ 1846ರಲ್ಲಿ ಶಾಲೆ ತೆರೆದ ಆಕೆ, 1852ರಲ್ಲಿ ಕಿಂಗ್ಸ್‌ವುಡ್‌ನಲ್ಲಿ ಸುಧಾರಣಾ ಶಾಲೆಯೊಂದನ್ನು ಆರಂಭಿಸಿದರು. ಎರಡು ವರ್ಷಗಳ ನಂತರ ಹುಡುಗಿಯರಿಗಾಗಿಯೇ ‘ರೆಡ್ ಲಾಡ್ಜ್’ ಎಂಬ ಮನೆಯಲ್ಲಿ ಪ್ರತ್ಯೇಕ ಶಾಲೆ ಶುರುವಾಯಿತು. ಬ್ರಿಟಿಷ್ ಪಾರ್ಲಿಮೆಂಟು ಇಂಥ ಶಾಲೆಗಳಿಗೆ ಕಾನೂನಿನ ಮನ್ನಣೆ ಕೊಟ್ಟದ್ದೂ ಅದೇ 1854ರಲ್ಲಿ.

ಈ ಮಹಿಳೆಗೂ ಭಾರತಕ್ಕೂ ಹಳೆಯ ನಂಟು. ರಾಜಾ ರಾಮಮೋಹನ ರಾಯರು 1833ರಲ್ಲಿ ಬ್ರಿಸ್ಟಲ್‌ಗೆ ಹೋಗಿ ಅಲ್ಲಿಯೇ ತೀರಿಕೊಂಡಾಗ ಕಾರ್ಪೆಂಟರ್ ಇಪ್ಪತ್ತಾರರ ಯುವತಿ. ಅವರನ್ನು ಕಂಡು ಮಾತನಾಡಿದ್ದವರು. ಮುಂದೆ 1866ರಿಂದ 1875ರವರೆಗೆ ನಾಲ್ಕು ಸಲ ಭಾರತಕ್ಕೆ ಬಂದು ಹೆಣ್ಣುಮಕ್ಕಳ ಶಾಲೆಗಳನ್ನೂ ಜೈಲುಗಳನ್ನೂ ನೋಡಿ, ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂದು ಸರ್ಕಾರದ ಬೆನ್ನು ಹತ್ತಿದರು. 1876ರಲ್ಲಿ ಮೊದಲ ಸುಧಾರಣಾ ಶಾಲೆಗಳ ಕಾಯಿದೆ ಬಂತು. 1897ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಸೋಜಿಗವೆಂದರೆ, ಹುಡುಗಿಯರಿಗಾಗಿಯೇ ಶಾಲೆ ನಡೆಸಿದ ಮಹಿಳೆಯ ಒತ್ತಾಯದ ಹಿನ್ನೆಲೆಯಿದ್ದರೂ, 1897ರ ಕಾಯಿದೆಯ ಪ್ರಕಾರ ‘ಬಾಲಾಪರಾಧಿ’ ಎಂದರೆ ಹದಿನೈದು ತುಂಬದ ಹುಡುಗ ಮಾತ್ರ. ಹುಡುಗಿಯರು ಅದರ ಲೆಕ್ಕಕ್ಕೇ ಬರಲಿಲ್ಲ.

ಅದಕ್ಕೂ ಹಿಂದೆ 1850ರ ಅಪ್ರೆಂಟಿಸ್ ಕಾಯಿದೆಯೊಂದಿತ್ತು. ಹತ್ತರಿಂದ ಹದಿನೆಂಟರ ನಡುವಿನ ಅನಾಥರನ್ನೂ, ಬೀದಿ ಅಲೆಯುವ ಅಥವಾ ಸಣ್ಣಪುಟ್ಟ ಅಪರಾಧ ಮಾಡಿದ ಮಕ್ಕಳನ್ನೂ ಕಸುಬುದಾರರ ಬಳಿ ಕರಾರಿನ ಮೇಲೆ ಕೆಲಸ ಕಲಿಯಲು ಬಿಡಬಹುದಾಗಿತ್ತು. ಮುಂಬಯಿಯಲ್ಲಿ ಡೇವಿಡ್ ಸಸೂನ್ ಹೆಸರಿನ ಕೈಗಾರಿಕಾ ಶಾಲೆ 1857ರ ವೇಳೆಗೆ ರೂಪುಗೊಂಡದ್ದು ಇದೇ ಆಲೋಚನೆಯ ಫಲ. ಕದ್ದ ಕೈಗೆ ಉಳಿ, ಬಾಚಿ ಕೊಟ್ಟರೆ ಕೈ ಸರಿಹೋದೀತೆಂಬ ನಂಬಿಕೆ. ಸುಧಾರಣಾ ಶಾಲೆಗಳೂ ಇದೇ ಜಾಡಿನಲ್ಲಿ ನಡೆದವು. ಹದಿನಾಲ್ಕು ತುಂಬಿದ ಹುಡುಗನನ್ನು ಲೈಸೆನ್ಸ್ ಮೇಲೆ ಹೊರಗಿನ ಮಾಲೀಕನ ಕೆಲಸಕ್ಕೆ ಕಳಿಸಲು 1897ರ ಕಾಯಿದೆಯಲ್ಲೇ ಅವಕಾಶವಿತ್ತು.

ಜೈಲು ಶಿಕ್ಷೆಯ ಬದಲು ಈ ಶಾಲೆಗೆ ಕಳಿಸಿದರೆ ಅವಧಿ ಮೂರರಿಂದ ಏಳು ವರ್ಷ. ಸಣ್ಣ ಕಳ್ಳತನಕ್ಕೆ ಕೆಲವೇ ತಿಂಗಳ ಜೈಲಾಗಬಹುದಾಗಿದ್ದ ಹುಡುಗನೂ ವರ್ಷಗಟ್ಟಲೆ ಒಳಗಿರಬೇಕಾಗುತ್ತಿತ್ತು. ಕಲಿಯಲು ಕಾಲ ಬೇಕು ಎಂಬುದು ಕಾಯಿದೆಯ ತರ್ಕ. ಮನೆಯವರಿಗೆ ಇದು ರಿಯಾಯಿತಿಯಂತೆ ಕಂಡಿತೋ ಹೆಚ್ಚಿನ ಶಿಕ್ಷೆಯಂತೆ ಕಂಡಿತೋ ಎಂದು ಕೇಳಿದವರು ಕಡಿಮೆ.

ಹೊಸ ಗಾಳಿ ಬೀಸಿದ್ದು 1919-20ರ ಭಾರತೀಯ ಜೈಲು ಸಮಿತಿಯ ಕಾಲಕ್ಕೆ. ಮಕ್ಕಳಿಗೆ ಬೇರೆ ನ್ಯಾಯಾಲಯ, ವಿಚಾರಣೆ ಮುಗಿಯುವವರೆಗೆ ಇರಿಸಲು ರಿಮ್ಯಾಂಡ್ ಹೋಂ ಬೇಕೆಂಬ ಅಭಿಪ್ರಾಯ ಬಲವಾಯಿತು. ಮದ್ರಾಸ್ (1920), ಬಂಗಾಳ (1922), ಮುಂಬಯಿ (1924) ಪ್ರಾಂತಗಳು ಒಂದರ ಹಿಂದೊಂದು ಮಕ್ಕಳ ಕಾಯಿದೆಗಳನ್ನು ತಂದವು. ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತಷ್ಟೆ. ಮಂಗಳೂರು, ಬಳ್ಳಾರಿಗಳು ಮದ್ರಾಸಿಗೂ, ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಮುಂಬಯಿಗೂ ಸೇರಿದ್ದವು. ತಪ್ಪು ಒಂದೇ ಆದರೂ ಹುಡುಗ ಯಾವ ಜಿಲ್ಲೆಯವನೆಂಬುದರ ಮೇಲೆ ಅವನಿಗೆ ಅನ್ವಯಿಸುವ ಕಾನೂನು ಬದಲಾಗುತ್ತಿತ್ತು. ಏಕೀಕರಣದ ಬಳಿಕ ರಾಜ್ಯ ತನ್ನದೇ ಮಕ್ಕಳ ಕಾಯಿದೆಯನ್ನು ಮಾಡಿಕೊಂಡದ್ದು 1964ರಲ್ಲಿ.

ಧಾರವಾಡಕ್ಕೆ ಇದರಲ್ಲಿ ವಿಶೇಷ ಸ್ಥಾನವಿದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಬೋರ್ಸ್ಟಲ್ ಎಂಬ ಹಳ್ಳಿಯ ಜೈಲಿನಲ್ಲಿ 1902ರ ಸುಮಾರಿಗೆ ನಡೆದ ಪ್ರಯೋಗ, ಹದಿನಾರರಿಂದ ಇಪ್ಪತ್ತೊಂದರ ತರುಣರನ್ನು ಪಳಗಿದ ಕೈದಿಗಳಿಂದ ದೂರವಿಟ್ಟು ಶಿಸ್ತು, ದುಡಿಮೆ, ಪಾಠಗಳಲ್ಲಿ ತೊಡಗಿಸುವಂಥದು. ಮುಂಬಯಿ ಪ್ರಾಂತ 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯಿದೆಯನ್ನು ತಂದಾಗ ಆ ಶಾಲೆ ನಡೆದದ್ದು ಧಾರವಾಡದಲ್ಲಿ. ವಿದ್ಯೆಗೆ ಹೆಸರಾದ ಆ ಊರಿನಲ್ಲಿ ಇಂಥದ್ದೂ ಒಂದು ವಿದ್ಯಾಶಾಲೆ ಇತ್ತೆಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ!

ಸ್ವತಂತ್ರ ಭಾರತದ ಕಾನೂನುಗಳಲ್ಲಿ ಪದಗಳ ಹೊಂದಿಕೆ ಬೇರೆಯಾಯಿತು. ಕೇಂದ್ರಾಡಳಿತ ಪ್ರದೇಶಗಳಿಗಾಗಿ 1960ರಲ್ಲಿ ಬಂದ ಮಕ್ಕಳ ಕಾಯಿದೆ ಅಪರಾಧ ಮಾಡಿದ ಮಕ್ಕಳ ತಾಣವನ್ನು ‘ವಿಶೇಷ ಶಾಲೆ’ ಎಂದು ಕರೆದಿತ್ತು. ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ 1986ರಲ್ಲೇ ಬಾಲನ್ಯಾಯ ಕಾಯಿದೆ ಬಂತು. ಅದರಲ್ಲಿ ‘ಶಾಲೆ’ ಹೋಗಿ ‘ವಿಶೇಷ ಗೃಹ’ವಾಯಿತು. ಹೆಸರಿನಲ್ಲಿ ಶಾಲೆ ಇದ್ದಾಗ ಪಟ್ಟಿಯಲ್ಲಿ ಇಲ್ಲದಿದ್ದ ಓದು, ಹೆಸರಿನಿಂದ ಶಾಲೆ ಅಳಿಸಿಹೋದ ಮೇಲೆ ಹಕ್ಕಾಗಿ ಕಾನೂನಿನ ಒಳಗಿದೆ. 2000 ಮತ್ತು 2015ರ ಕಾಯಿದೆಗಳು ಶಿಕ್ಷಣ ಹಾಗೂ ಕೌಶಲ ತರಬೇತಿಯನ್ನು ಪುನರ್ವಸತಿಯ ಭಾಗವನ್ನಾಗಿಸಿವೆ.

ಆದರೂ ತೊಡಕು ತಪ್ಪಿಲ್ಲ. ವಿಚಾರಣೆಯ ಕಾಲದಲ್ಲಿ ಮಗು ಇರುವುದು ವೀಕ್ಷಣಾಲಯದಲ್ಲಿ. ಜಾಮೀನು ಯಾವಾಗ ಸಿಗುವುದೋ ಹೇಳಲಾಗದು. ವಿಚಾರಣೆಗೆ ಕಾನೂನು ಕೊಟ್ಟಿರುವ ಗಡುವು ನಾಲ್ಕು ತಿಂಗಳು. ಇಂದು ಬಂದವ ನಾಳೆ ಹೋಗಬಹುದು. ಒಂದೇ ಕೋಣೆಯಲ್ಲಿ ಅಕ್ಷರ ಬಾರದವನೂ ಹತ್ತನೆಯ ತರಗತಿಯವನೂ ಕುಳಿತರೆ ಮೇಷ್ಟರು ಪಾಠ ಎಲ್ಲಿಂದ ಶುರುಮಾಡಬೇಕು? 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕರವರೆಗಿನವರಿಗೆ. ಇಂಥ ಪ್ರಕರಣಗಳಲ್ಲಿ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಹದಿನಾರು ದಾಟಿದವರು. ಅವರಿಗೆ ಉಳಿದ ದಾರಿ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯಂಥದು. ಎಲ್ಲ ವಿಷಯಗಳನ್ನೂ ಒಂದೇ ಸಲ ಕಟ್ಟಬೇಕಿಲ್ಲ. ಪಾಸಾದ ವಿಷಯದ ಅಂಕ ಉಳಿದುಕೊಳ್ಳುತ್ತದೆ. ನಡುವೆ ಬಿಡುಗಡೆಯಾದರೂ ಓದು ಮುಂದುವರಿಸಬಹುದು.

ಹೊರಬಂದ ಮೇಲಿನ ಪ್ರಶ್ನೆ ಬೇರೆ. ‘ಇಷ್ಟು ದಿನ ಎಲ್ಲಿದ್ದೆ?’ ಎಂದು ಹಳೆಯ ಶಾಲೆಯ ಹೆಡ್‌ಮಾಸ್ಟರರು ಕೇಳಿದರೆ ಹುಡುಗ ಏನು ಹೇಳಬೇಕು? 2015ರ ಕಾಯಿದೆ ಇದನ್ನು ತಕ್ಕಮಟ್ಟಿಗೆ ಯೋಚಿಸಿದೆ. ಪ್ರಕರಣ ಮುಗಿದಿದ್ದರೆ ಅಥವಾ ಇತ್ಯರ್ಥವಾಗಿದ್ದರೆ, ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ಮಗುವಿನ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. ಪತ್ರಿಕೆಗಳು ಯಾವ ವಿವರವನ್ನು ಅಚ್ಚುಹಾಕಬಾರದೆಂದು ಹೇಳುವ ಕಲಮಿನಲ್ಲಿ ಹೆಸರು, ವಿಳಾಸಗಳ ಪಕ್ಕದಲ್ಲೇ ಮಗು ಓದುವ ಶಾಲೆಯನ್ನೂ ಸೇರಿಸಲಾಗಿದೆ.