ತೌಡು ಕುಟ್ಟಿದವರ ಉಪ್ಪಿನಕಾಯಿ

ಮುಂಬಯಿಗೆ ಬಂದು ಮೂವತ್ತೈದು ವರ್ಷವಾಯಿತು. ಬರುವಾಗ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ ಇನ್ನೂ ಅಡುಗೆಮನೆಯಲ್ಲಿದೆ. ಅಮ್ಮ ಹೋದ ಮೇಲೆ ಅದು ತುಂಬಲಿಲ್ಲ. ಅದಕ್ಕೇ ಇರಬೇಕು, ಜಪಾನಿನ ಉಪ್ಪಿನಕಾಯಿಯ ಕಥೆ ಓದಲು ಕೂತವನಿಗೆ ಅರ್ಧಕ್ಕೆ ಬಿಡಲಾಗಲಿಲ್ಲ.

ಅಲ್ಲಿ ಇದಕ್ಕೆ ‘ತ್ಸುಕೆಮೊನೊ’ ಎನ್ನುತ್ತಾರೆ, ನೆನೆಹಾಕಿದ್ದು ಎಂದರ್ಥ. ನಮ್ಮ ಹಾಗೆ ಎಣ್ಣೆ, ಸಾಸಿವೆ, ಮೆಣಸಿನಪುಡಿಯ ಅಬ್ಬರವಿಲ್ಲ. ಉಪ್ಪು, ಮಿಸೊ, ಸಾಕೆ ಮದ್ಯ ಹಿಂಡಿದ ಚರಟ, ಇಲ್ಲವೇ ತೌಡು. 927ರಲ್ಲಿ ಸಿದ್ಧವಾದ ‘ಎಂಗಿಶಿಕಿ’ ಎಂಬ ಆಡಳಿತ ಗ್ರಂಥದಲ್ಲೇ ಉಪ್ಪಿನಕಾಯಿಗಳ ಪ್ರಸ್ತಾಪವಿದೆ.

ಹೌದು, ತೌಡು! ನಾವು ದನಕ್ಕೆ ಹಾಕುವ, ಕುಟ್ಟಿದರೆ ದಂಡ ಎಂದು ಆಡಿಕೊಳ್ಳುವ ಅದೇ ತೌಡು. ಎದೊ ಕಾಲದಲ್ಲಿ (1603–1868) ಎದೊ ಪಟ್ಟಣದವರಿಗೆ, ಅಂದರೆ ಇಂದಿನ ಟೋಕಿಯೊದವರಿಗೆ, ತೌಡು ತೆಗೆದ ಬಿಳಿ ಅಕ್ಕಿಯ ರುಚಿ ಹತ್ತಿತು. ಜೊತೆಗೇ ಕಾಲು ಊದಿ ಬಲ ಕುಂದುವ ರೋಗವೂ ಬಂತು. ಊರಿಗೆ ಮರಳಿದರೆ ವಾಸಿಯಾಗುತ್ತಿತ್ತಂತೆ, ಅದಕ್ಕೇ ‘ಎದೊ ಕಾಯಿಲೆ’ ಎಂಬ ಹೆಸರು. ನಮ್ಮಂಥ ವಲಸಿಗರ ರೋಗ ನೋಡಿ! ಅದು ಬೆರಿಬೆರಿ. ಮದ್ದು ಇದ್ದದ್ದು ತೆಗೆದುಹಾಕಿದ ತೌಡಿನಲ್ಲೇ. 1910ರಲ್ಲಿ ಉಮೆತಾರೊ ಸುಜುಕಿ ತೌಡಿನಿಂದ ಆ ಸತ್ವವನ್ನು ಬೇರ್ಪಡಿಸಿದರು. ಇಂದು ನಾವದನ್ನು ವಿಟಮಿನ್ ಬಿ1 ಎನ್ನುತ್ತೇವೆ. ಉಪ್ಪು ಕಲಸಿದ ಹಸಿ ತೌಡಿನಲ್ಲಿ ಹೂತಿಟ್ಟ ಸೌತೆ, ಮೂಲಂಗಿ, ಬದನೆ ಹುಳಿಯಾಗುತ್ತಾ ಅದನ್ನು ಹೀರಿಕೊಳ್ಳುತ್ತವೆ. ಆ ತೌಡನ್ನು ದಿನಾ ಕೈಯಾಡಿಸಿ ತಿರುವಬೇಕು, ಇಲ್ಲವಾದರೆ ಕೆಡುತ್ತದೆ. ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ತೌಡು ಬಾಳಿದ ಮನೆಗಳಿವೆ.

ಉತ್ತರದ ಅಕಿತಾದಲ್ಲಿ ಚಳಿಗಾಲದ ಹಿಮಕ್ಕೆ ಮೂಲಂಗಿ ಒಣಗುವುದಿಲ್ಲ. ಹಾಗಾಗಿ ಒಲೆಯ ಮೇಲೆ ತೂಗುಹಾಕಿ, ಹೊಗೆ ತಾಗಿಸಿ, ಆಮೇಲೆ ತೌಡಿನಲ್ಲಿಟ್ಟರು. ಅದೇ ‘ಇಬುರಿಗಕ್ಕೊ’. ರೈತ ಮನೆಗಳ ಮುದುಕಿಯರು ಮಾಡಿ ಮಾರುತ್ತಿದ್ದರು.

2012ರಲ್ಲಿ ಹೊಕ್ಕೈದೊದಲ್ಲಿ ಕಾರ್ಖಾನೆಯ ಎಲೆಕೋಸಿನ ಉಪ್ಪಿನಕಾಯಿ ತಿಂದು 8 ಜನ ಸತ್ತರು. ಆಮೇಲೆ ಆಹಾರ ಕಾನೂನು ಬಿಗಿಯಾಯಿತು. 2024ರ ಜೂನ್‌ನಿಂದ ಪರವಾನಗಿ, ಬೇರೆಯೇ ಅಡುಗೆಕೋಣೆ ಇಲ್ಲದೆ ಮಾರುವಂತಿಲ್ಲ. ಈ ವಯಸ್ಸಿನಲ್ಲಿ ಅಷ್ಟು ಖರ್ಚು ಯಾರಿಗೆ ಬೇಕೆಂದು ಎಷ್ಟೋ ಜನ ಕೈಬಿಟ್ಟರು. ಕಾನೂನು ತಪ್ಪೆನ್ನಲಾರೆ, ಜೀವ ದೊಡ್ಡದು. ಆದರೂ ಹಾಗೆ ಕೈಬಿಟ್ಟ ಕೈಗಳ ಜೊತೆ ಅಳತೆಯೂ ಹೋಗುತ್ತದಲ್ಲ...

ನಮ್ಮಮ್ಮನನ್ನು ಯಾವ ಕಾನೂನೂ ತಡೆದಿರಲಿಲ್ಲ. ನಾನೇ ಕೇಳಿಕೊಳ್ಳಲಿಲ್ಲ. ಊರಲ್ಲಿ ಚಿಕ್ಕಮ್ಮನಿಗೆ ಈಗ ಎಂಬತ್ತು. ಮಿಡಿ ಬರುವ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಭರಣಿಯನ್ನೂ ಒಯ್ಯುತ್ತೇನೆ.