ವಾಸನೆ ಹಿಡಿಯುವ ಮೇಲ್ಮೈ

ಬೆನ್ನೆಲುಬುಳ್ಳ ಪ್ರಾಣಿಗಳ ಮೂಗಿನೊಳಗೆ ವಾಸನೆ ಗ್ರಹಿಸಲೆಂದೇ ಇರುವ ತೆಳುವಾದ ಅಂಗಾಂಶಕ್ಕೆ ಘ್ರಾಣ ಅನುಲೇಪಕ ಎಂದು ಹೆಸರು. ಮನುಷ್ಯರಲ್ಲಿ ಇದು ಮೂಗಿನ ಗೂಡಿನ ಮೇಲ್ಭಾಗದಲ್ಲಿ ಕೆಲವೇ ಚದರ ಸೆಂಟಿಮೀಟರ್‌ಗಳಷ್ಟಿದೆ. ನಾಯಿಯಲ್ಲಿ ಸುರುಳಿಯಾದ ತೆಳು ಮೂಳೆಗಳ ಮೇಲೆ ಹರಡಿ ಹಲವು ಪಟ್ಟು ವಿಸ್ತಾರವಾಗಿದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ
ಪ್ರತಿ ಘ್ರಾಣ ನರಕೋಶದ ತುದಿ ಪುಟ್ಟ ಗುಬುಟಿನಂತೆ ಉಬ್ಬಿ ಮೇಲ್ಮೈಯಿಂದ ಹೊರಚಾಚಿರುತ್ತದೆ. ಸಸ್ತನಿಗಳಲ್ಲಿ ಈ ಗುಬುಟಿನಿಂದ ಸಾಮಾನ್ಯವಾಗಿ ಲೋಮಾಂಗಗಳೆಂಬ ಕೂದಲಿನಂಥ 10ರಿಂದ 30 ಎಳೆಗಳು ಹೊರಟು, ಲೋಳೆಯ ಪದರದಲ್ಲಿ ಒಂದರ ಮೇಲೊಂದು ಹೆಣೆದುಕೊಂಡು ಮಲಗಿರುತ್ತವೆ. ಪರಿಮಳದ ಅಣುಗಳನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು ಇರುವುದು ಇವುಗಳ ಮೇಲೆಯೇ. ಈ ಪ್ರೋಟೀನುಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಪ್ರಾಣಿಯಿಂದ ಪ್ರಾಣಿಗೆ
ಕಪ್ಪೆಯ ಲೋಮಾಂಗಗಳು ಸಸ್ತನಿಗಳವುಗಳಿಗಿಂತ ಬಹಳ ಉದ್ದ. ಕೆಲವು 200 ಮೈಕ್ರೋಮೀಟರ್‌ವರೆಗೂ ಬೆಳೆಯುತ್ತವೆ. ಮೂಳೆಮೀನುಗಳ ಅಂಗಾಂಶ ಹೂವಿನ ದಳಗಳಂತೆ ಮಡಿಕೆಗಳಾಗಿ ಜೋಡಿಸಿಕೊಂಡಿದೆ. ಅದರಲ್ಲಿ ಲೋಮಾಂಗವುಳ್ಳ ಕೋಶಗಳ ಜೊತೆಗೆ ಮೈಕ್ರೋವಿಲ್ಲೈ ಎಂಬ ಗಿಡ್ಡ ಎಳೆಗಳುಳ್ಳ ಕೋಶಗಳೂ ಇವೆ. ಶಾರ್ಕ್‌ಗಳ ಘ್ರಾಣಕೋಶಗಳಲ್ಲಿ ಲೋಮಾಂಗಗಳಿಲ್ಲ, ಮೈಕ್ರೋವಿಲ್ಲೈ ಮಾತ್ರ. ಹಾವು ನಾಲಿಗೆಯಿಂದ ತಂದ ಅಣುಗಳನ್ನು ಪರೀಕ್ಷಿಸುವ, ಅಂಗುಳಿನ ಮೇಲಿನ ಜೇಕಬ್‌ಸನ್ ಅಂಗದ ಗ್ರಾಹಕಕೋಶಗಳಲ್ಲೂ ಇವೇ ಎಳೆಗಳಿವೆ.

ಸದಾ ಹೊಸತು
ಗಾಳಿ ಅಥವಾ ನೀರಿಗೆ ನೇರವಾಗಿ ಒಡ್ಡಿಕೊಂಡ ಈ ನರಕೋಶಗಳು ಬೇಗ ಸವೆಯುತ್ತವೆ. ಅಂಗಾಂಶದ ತಳದಲ್ಲಿರುವ ಕೋಶಗಳು ವಿಭಜನೆಗೊಂಡು, ಜೀವಮಾನವಿಡೀ ಹೊಸ ನರಕೋಶಗಳನ್ನು ಒದಗಿಸುತ್ತಲೇ ಇರುತ್ತವೆ.